ನಾಟಕ ಕಂಪನಿ, ಕುದುರೆ ಫಾರಂ, ವಾಚ್ ಕಾರ್ಖಾನೆ: ತುಮಕೂರು ಸೀಮೆಯ ದುಡಿಮೆಯ ಚರಿತ್ರೆ

ಮೈಸೂರು ಸಂಸ್ಥಾನದ ಕಾರ್ಮಿಕರ ಚರಿತ್ರೆ ಎಂದೊಡನೆ ನೆನಪಾಗುವುದು ಕೋಲಾರದ ಚಿನ್ನದ ಗಣಿ, ಬೆಂಗಳೂರಿನ ಬಟ್ಟೆ ಗಿರಣಿ. ಇತಿಹಾಸಕಾರ್ತಿ ಜಾನಕಿ ನಾಯರ್ 1998ರಲ್ಲಿ ಪ್ರಕಟಿಸಿದ ಮಹತ್ವದ ಅಧ್ಯಯನವೂ ಈ ಎರಡು ನೆಲೆಗಳದ್ದೇ. ಹಳ್ಳಿಯತ್ತ ತಿರುಗಿದರೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಅಧ್ಯಯನ ಮಾಡಿದ ರಾಂಪುರ: ಅಲ್ಲಿ ಜಮೀನ್ದಾರ ಒಕ್ಕಲಿಗ, ಜೀತದಾಳು, ಸುಗ್ಗಿಯಲ್ಲಿ ಧಾನ್ಯ ಪಡೆಯುವ ಕಸುಬುದಾರರು. ಗಣಿಗೂ ರಾಂಪುರಕ್ಕೂ ನಡುವಿನ ಊರುಗಳಲ್ಲಿ ಜನ ಹೇಗೆ ದುಡಿದರು? ತುಮಕೂರು, ಗುಬ್ಬಿ, ಕುಣಿಗಲ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ದುಡಿಯುವವರ ಬದುಕನ್ನು ರೂಪಿಸಿದ್ದು ಮಾಡುವ ಕೆಲಸಕ್ಕಿಂತ ಹೆಚ್ಚಾಗಿ ಕೆಲಸಕ್ಕಿಟ್ಟುಕೊಂಡವರ ಜೊತೆಗಿನ ಸಂಬಂಧ ಎಂದು ನನಗನ್ನಿಸುತ್ತದೆ.

ಗುಬ್ಬಿಯಿಂದಲೇ ಶುರು ಮಾಡಬೇಕು. 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ರಂಗಭೂಮಿಯ ಚರಿತ್ರೆಕಾರರು ಕಲೆಯ ಕಣ್ಣಿನಿಂದ ನೋಡಿದ್ದಾರೆ. ದುಡಿಮೆಯ ಕಣ್ಣಿನಿಂದ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ನಟರಷ್ಟೇ ಅಲ್ಲ, ಪರದೆ ಬರೆಯುವವರು, ಬಡಗಿಗಳು, ಹಾರ್ಮೋನಿಯಂ ಮಾಸ್ತರರು, ದೀಪದವರು, ಅಡಿಗೆಯವರು ಎಲ್ಲರೂ ಒಂದೇ ಸೂರಿನಡಿ. ಕ್ಯಾಂಪ್ ಬದಲಾದರೆ ಸಂಸಾರಗಳೂ ಸಾಮಾನಿನ ಜೊತೆ ಊರು ಬದಲಿಸುತ್ತಿದ್ದವು. ಹುಡುಗರಾಗಿ ಬಂದು ಸೇರಿದವರಿಗೆ ಊಟ, ಬಟ್ಟೆ, ತಾಲೀಮು ಕಂಪನಿಯದೇ. 1917ರಲ್ಲಿ ಮಾಲೀಕರಾದ ಗುಬ್ಬಿ ವೀರಣ್ಣನವರೂ ಬಾಲನಟರಾಗಿಯೇ ಒಳಗೆ ಬಂದವರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಇಲ್ಲಿ ದುಡಿದರು, ಮಗ ಮುತ್ತುರಾಜ ಅವರ ಹಿಂದೆಯೇ ಬಂದ. ಮುಂದೆ ರಾಜ್‌ಕುಮಾರ್ ಆದ. ಮನೆ ಬಿಟ್ಟು ಓಡಿಬಂದಿದ್ದ ಬಿ.ವಿ. ಕಾರಂತರನ್ನು ವೀರಣ್ಣನವರೇ ಓದಲು ಕಾಶಿಗೆ ಕಳಿಸಿದರು.

ಇಂಥ ಔದಾರ್ಯವನ್ನು ನಾವು ಮಾಲೀಕರ ದೊಡ್ಡ ಗುಣವೆಂದು ಕೊಂಡಾಡಿ ಮುಂದೆ ಹೋಗುತ್ತೇವೆ. ಸಮಾಜಶಾಸ್ತ್ರ ಅಲ್ಲೇ ನಿಂತು ಕೇಳಬೇಕು. ಯಜಮಾನ ತಂದೆಯ ಜಾಗದಲ್ಲಿರುವಾಗ ಸಂಬಳದ ಬಾಕಿ ಕೇಳುವುದು ಹೇಗೆ? ನಾಯಕಿ ಬಿ. ಜಯಮ್ಮ ಮಾಲೀಕರ ಪತ್ನಿಯೂ ಹೌದು; ಮನೆ ಎಲ್ಲಿ ಮುಗಿದು ಕೆಲಸದ ಜಾಗ ಎಲ್ಲಿ ಆರಂಭವಾಗುತ್ತದೆ? ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟರು. (ನಮ್ಮ ಸೆಮಿನಾರುಗಳಲ್ಲಿ ಕಾಯಕ ತತ್ತ್ವ ಬಂದೊಡನೆ ಕೂಲಿಯ ಮಾತು ನಿಂತುಹೋಗುತ್ತದೆ.) ಆದರೂ ಆ ಆತ್ಮಕಥೆಯನ್ನು ಉದ್ಯೋಗದಾತರೊಬ್ಬರ ದಾಖಲೆಯಾಗಿ ಓದುವುದು ಲಾಭಕರ.

ಯಜಮಾನ ಹೀಗೆ ಕಣ್ಣೆದುರಿಗೆ ಇಲ್ಲದ ಕಡೆ ದುಡಿಮೆ ಹೇಗಿರುತ್ತದೆ ಎಂಬುದಕ್ಕೆ ಕುಣಿಗಲ್ ನೋಡಬೇಕು. ಅಲ್ಲಿನ ಕುದುರೆ ಫಾರಂನ ಮೂಲ ಟಿಪ್ಪುವಿನ ಅಶ್ವದಳದ ಕಾಲಕ್ಕೆ ಹೋಗುತ್ತದೆ. ಒಡೆತನ ಬದಲಾಗುತ್ತ ಬಂದು, 1992ರಲ್ಲಿ ಅದು ಖಾಸಗಿಯವರಿಗೆ ಗುತ್ತಿಗೆಯಾಯಿತು. ಈ ನಡುವೆ ದಂಡಿನ ಕುದುರೆಯ ಜಾಗದಲ್ಲಿ ರೇಸಿನ ಕುದುರೆ ನಿಂತಿತು. ರೇಸಿನ ಲೆಕ್ಕದಲ್ಲಿ ಮರಿಯ ವಯಸ್ಸು ಎಣಿಸುವುದು ಅದು ಹುಟ್ಟಿದ ವರ್ಷದ ಜನವರಿ 1ರಿಂದ. ಹಾಗಾಗಿ ವರ್ಷದ ಮೊದಲ ತಿಂಗಳುಗಳಲ್ಲೇ ಮರಿ ಹಾಕಿಸುವ ಆತುರ. ಹೆಣ್ಣು ಕುದುರೆಗಳು ಈಯುವುದು ಹೆಚ್ಚಾಗಿ ರಾತ್ರಿ. ಲಾಯದವರ ನಿದ್ದೆಗೆಡುವ ಕಾಲವನ್ನು ನಿಗದಿ ಮಾಡುವುದು ದೂರದ ರೇಸ್‌ಕೋರ್ಸಿನ ಪಂಚಾಂಗ.

ಗಡಿಯಾರಕ್ಕೆ ತಕ್ಕ ದುಡಿಮೆ ಬಂಡವಾಳಶಾಹಿಯ ಜೊತೆ ಹೇಗೆ ಬೇರೂರಿತೆಂದು ಇತಿಹಾಸಕಾರ ಇ.ಪಿ. ಥಾಂಪ್ಸನ್ 1967ರಲ್ಲಿ ಬರೆದರು. ತುಮಕೂರಿಗೆ 1978ರಲ್ಲಿ ಬಂದದ್ದು ಗಡಿಯಾರವನ್ನೇ ತಯಾರಿಸುವ ಎಚ್‌ಎಂಟಿ ಕಾರ್ಖಾನೆ. ಪಿಎಫ್, ಯೂನಿಯನ್, ನಿವೃತ್ತಿಯ ವಯಸ್ಸು: ಯಜಮಾನನ ಮರ್ಜಿಯ ಬದಲು ಸರ್ಕಾರಿ ನಿಯಮ. ಬೆಂಗಳೂರಿನ ಕಾರ್ಖಾನೆಗಳಲ್ಲಿ ಕ್ಷೇತ್ರಕಾರ್ಯ ಮಾಡಿದ ಮಾರ್ಕ್ ಹೋಮ್‌ಸ್ಟ್ರೋಮ್ 1976ರ ತಮ್ಮ ಪುಸ್ತಕದಲ್ಲಿ ಕಾಯಂ ನೌಕರಿಯನ್ನು ಕೋಟೆಗೆ ಹೋಲಿಸಿದ್ದರು: ಒಳಗೆ ಭದ್ರತೆ, ಹೊರಗೆ ಅನಿಶ್ಚಿತತೆ. 1984ರ ಹೊತ್ತಿಗೆ ಆ ಹೋಲಿಕೆ ಸಾಲದೆಂದು ಅವರಿಗೇ ಅನ್ನಿಸಿತು. ಒಳಗಿಗೂ ಹೊರಗಿಗೂ ನಡುವೆ ಇರುವುದು ಗೋಡೆಯಲ್ಲ, ಇಳಿಜಾರು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಉಳಿದಿದ್ದವರಿಗೆ ಸ್ವಯಂನಿವೃತ್ತಿಯ ಮೊತ್ತ ಬಂತು. ಕಾರ್ಖಾನೆಯ ಜಾಗ ಇಸ್ರೊ ಪಾಲಾಯಿತು.

ಸಂಪುಟ ವಾಚ್ ಕಂಪನಿ ಮುಚ್ಚಲು ಒಪ್ಪಿದ ಅದೇ ತಿಂಗಳು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಘಟಕಕ್ಕೆ ಶಂಕುಸ್ಥಾಪನೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ. ಇಂಥ ಘಟಕ ಎಷ್ಟು ಉದ್ಯೋಗ ಕೊಟ್ಟಿತು ಎಂದು ಲೆಕ್ಕ ಹಾಕುವಾಗ ಕಾವಲುಗಳಲ್ಲಿ, ಎಂದರೆ ಹುಲ್ಲುಗಾವಲುಗಳಲ್ಲಿ, ದನ, ಕುರಿ ಮೇಯಿಸುವ ದುಡಿಮೆಯನ್ನು ಯಾವ ಕಾಲಂನಲ್ಲಿ ಬರೆಯಬೇಕು? ವರ್ಷಕ್ಕೆ ಆರು ತಿಂಗಳಿಗಿಂತ ಕಡಿಮೆ ದುಡಿದವರನ್ನು ಜನಗಣತಿ ಅಲ್ಪಾವಧಿ ದುಡಿಮೆಗಾರರೆಂದು ಬದಿಗಿಡುತ್ತದೆ. ಹಾಗೆಯೇ ತುಮಕೂರು ಬಳಿಯ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವವರ ಹೆಸರು ಇರುವುದು ಕಂಪನಿಯ ಹಾಜರಿ ಪುಸ್ತಕದಲ್ಲಲ್ಲ, ಗುತ್ತಿಗೆದಾರನ ಪಟ್ಟಿಯಲ್ಲಿ. ಮುಂದಿನ ಸಂಶೋಧಕರು ಮೊದಲು ಹುಡುಕಬೇಕಾದದ್ದು ಆ ಪಟ್ಟಿಗಳನ್ನು.