ನೆರಳಿನ ಕೋಲಿನಿಂದ ಸ್ಮಾರ್ಟ್ ಮೀಟರಿನವರೆಗೆ

ರಜೆಯ ದಿನ ನಾವೆಲ್ಲ ಮಕ್ಕಳನ್ನು ಕರೆದೊಯ್ಯುವ ನಿಜ್ವಾದ ಫಲಜ್ ದಾರಿಸ್, 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಒಮಾನಿನ ಐದು ಕಾಲುವೆಗಳಲ್ಲೊಂದು. ನನಗೆ ಕುತೂಹಲ ಹುಟ್ಟಿಸಿದ್ದು ಫಲಜ್‌ಗಳ ಲೆಕ್ಕ. ತೋಟಗಳಿಗೆ ನೀರಿನ ಪಾಲನ್ನು ಹೊತ್ತಿನಿಂದ ಅಳೆಯುತ್ತಿದ್ದರು: ಹಗಲು ನೆಟ್ಟ ಕೋಲಿನ ನೆರಳು, ಇರುಳು ನಕ್ಷತ್ರ. ಸುಮಾರು ಅರ್ಧ ಗಂಟೆಯ ಪಾಲಿಗೆ ‘ಅಥರ್’ ಎಂದು ಹೆಸರು. ಉಸ್ತುವಾರಿ ವಕೀಲನದು (ನಮ್ಮ ಕೋರ್ಟಿನ ವಕೀಲರಲ್ಲ!). ಕೋಲು ಬಯಲಿನಲ್ಲಿತ್ತು, ಪಾಲುದಾರ ಯಾರೇ ಆಗಲಿ, ನಿಂತು ನೋಡಬಹುದಿತ್ತು.

ವಿದ್ಯುತ್ತಿಗೆ ಅಂಥ ಕೋಲು ಬಹುಕಾಲ ಇರಲಿಲ್ಲ. 2004ರ ಕಾಯ್ದೆ ಒಮಾನಿನಲ್ಲಿ ಉತ್ಪಾದನೆ, ಸಾಗಣೆ, ವಿತರಣೆಗಳನ್ನು ಬೇರ್ಪಡಿಸಿ, ಮೇಲೊಂದು ನಿಯಂತ್ರಣ ಪ್ರಾಧಿಕಾರವನ್ನು ಸ್ಥಾಪಿಸಿತು. ನಿಜ್ವಾದ ವಿತರಣೆ ಮಜೂನ್ ಕಂಪನಿಗೆ ಬಂತು. 2017ರಿಂದ ದೊಡ್ಡ ಬಳಕೆದಾರರಿಗೆ ಹೊತ್ತು, ಋತುವಿಗೆ ತಕ್ಕ ದರ. ಬೇಸಿಗೆಯ ಮಧ್ಯಾಹ್ನ ಊರಿನ ಏ.ಸಿ.ಗಳೆಲ್ಲ ಒಟ್ಟಿಗೆ ಓಡುವಾಗ ಬೇಕಾಗುವ ವಿದ್ಯುತ್ತಿನ ಖರ್ಚೇ ಬೇರೆ. ಆ ಲೆಕ್ಕಕ್ಕೆ ತಿಂಗಳಿಗೊಮ್ಮೆ ಓದುವ ಮೀಟರ್ ಸಾಲದು.

ಮೈಸೂರಿನ ವಿ.ವಿ. ಮೊಹಲ್ಲಾದಲ್ಲಿ ಸೆಸ್ಕ್ ನಡೆಸಿದ ಸ್ಮಾರ್ಟ್ ಗ್ರಿಡ್ ಪ್ರಯೋಗ ನಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಸ್ಮಾರ್ಟ್ ಮೀಟರ್ ಕಂಪನಿಗೆ ಸೋರಿಕೆಯನ್ನು ತೋರಿಸುತ್ತದೆ. ಮನೆಯವರು ಯಾವಾಗ ಏಳುತ್ತಾರೆ, ಯಾವಾಗ ಊರಿಗೆ ಹೋಗಿದ್ದಾರೆ ಎಂಬುದನ್ನೂ ತೋರಿಸಬಲ್ಲದು. ಹಾಗಾಗಿ ನಿಯಂತ್ರಕರಿಗೆ ನಾನು ಕೇಳುವ ಮೊದಲ ಪ್ರಶ್ನೆ ದರದ್ದಲ್ಲ: ಆ ಅಂಕಿಗಳು ಮನೆಯವರಿಗೆ ಅಂದೇ ಕಾಣುತ್ತವೆಯೇ, ಮತ್ತೆ ಇನ್ನಾರಿಗೆ ಕಾಣುತ್ತವೆ?