ಎರಡು ಕೋರಮಂಗಲಗಳ ನಡುವೆ

ಕೋರಮಂಗಲ ಎಂದೊಡನೆ ಬೆಂಗಳೂರಿನವರಿಗೆ ಸಾಫ್ಟ್‌ವೇರ್ ಕಂಪನಿಗಳ ಬಡಾವಣೆ ನೆನಪಾಗುತ್ತದೆ. ಅದೇ ಹೆಸರಿನ ಇನ್ನೊಂದು ಊರು ಉತ್ತರಕ್ಕಿದೆ. ಹೆಬ್ಬಾಳ, ಯಲಹಂಕ ದಾಟಿ ದೇವನಹಳ್ಳಿ ತಾಲ್ಲೂಕಿಗೆ ಹೋದರೆ ಸಿಗುವ ಆ ಕೋರಮಂಗಲದಲ್ಲಿ ಇರುವುದು ಬಯಲು ಬಂದೀಖಾನೆ. ದೀರ್ಘ ಶಿಕ್ಷೆಯ ಒಂದು ಭಾಗವನ್ನು ಸನ್ನಡತೆಯಿಂದ ಕಳೆದ ಕೈದಿಗಳು ಅಲ್ಲಿ ಬೇಸಾಯ ಮಾಡಿಕೊಂಡಿರುತ್ತಾರೆ. ಬಿಡುಗಡೆಯಾದವನು ಊರಿಗೆ ಮರಳಿ ನೇಗಿಲು ಹಿಡಿಯುತ್ತಾನೆ ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಅದೇ ತಾಲ್ಲೂಕಿನಲ್ಲಿ 2008ರಿಂದ ವಿಮಾನಗಳು ಇಳಿಯುತ್ತಿವೆ. ಎಷ್ಟೋ ಹೊಲಗಳು ನಿವೇಶನಗಳಾಗಿವೆ. ಬೇಸಾಯ ಕಲಿತು ಹೊರಬಂದವನಿಗೆ ಹೊಲವೆಲ್ಲಿ?

ಸೆರೆಮನೆ ಏನನ್ನು ಕಲಿಸಬೇಕು ಎಂಬ ಪ್ರಶ್ನೆ ಹಳೆಯದು. ಏನನ್ನೂ ಕಲಿಸಬಾರದು ಎಂಬ ಉತ್ತರವೂ ಒಂದು ಕಾಲಕ್ಕೆ ಇತ್ತು. ಮೆಕಾಲೆಯ ಸಲಹೆಯಂತೆ ನೇಮಕವಾದ ಸಮಿತಿ 1838ರಲ್ಲಿ ವರದಿ ಕೊಟ್ಟಾಗ ನೀತಿಬೋಧೆ, ವಿದ್ಯಾಭ್ಯಾಸ, ಸನ್ನಡತೆಗೆ ಬಹುಮಾನ ಎಲ್ಲವನ್ನೂ ತಳ್ಳಿಹಾಕಿತು. ಬೇಸರ ಹುಟ್ಟಿಸುವ ಒಂದೇ ಬಗೆಯ ದುಡಿಮೆಯೇ ಲೇಸೆಂದಿತು. ಭಾರತೀಯರಿಗೆ ಇಂಗ್ಲಿಷ್ ವಿದ್ಯೆ ಬೇಕೆಂದು 1835ರಲ್ಲಿ ವಾದಿಸಿದವನೂ ಇದೇ ಮೆಕಾಲೆ! 1919-20ರ ಕಾರ್ಡ್ಯೂ ಸಮಿತಿ ಬಂದ ಮೇಲೆಯೇ ಸುಧಾರಣೆಯೂ ಸೆರೆಮನೆಯ ಉದ್ದೇಶವೆಂಬ ಮಾತಿಗೆ ಬೆಲೆ ಬಂದದ್ದು. ಮಗ್ಗ, ಮರಗೆಲಸ, ಹೊಲಿಗೆಗಳನ್ನು ಕೈದಿಯ ಮುಂದಿನ ಕಸುಬೆಂದು ನೋಡುವುದು ಆಗ ಸಾಧ್ಯವಾಯಿತು.

ಬೆಂಗಳೂರಿನ ಕೇಂದ್ರ ಕಾರಾಗೃಹ 2000ದಲ್ಲಿ ನಗರದ ನಡುವಿನಿಂದ ಪರಪ್ಪನ ಅಗ್ರಹಾರಕ್ಕೆ ಹೋಯಿತು. ಇಂದಿನ ಫ್ರೀಡಂ ಪಾರ್ಕ್ ಇರುವುದು ಹಳೆಯ ಜೈಲಿನ ಜಾಗದಲ್ಲಿ. ಹೊಸ ಜೈಲಿಗೆ ಸಿಕ್ಕ ನೆರೆಹೊರೆ ಎಲೆಕ್ಟ್ರಾನಿಕ್ ಸಿಟಿ. ಕಾರಾಗೃಹದ ತರಬೇತಿಗಳಲ್ಲಿ ಗಣಕಯಂತ್ರಕ್ಕೂ ಜಾಗ ದೊರೆಯಿತು. ಆದರೆ ಮಗ್ಗಕ್ಕೆ ಗೋಡೆಯ ಒಳಗೆ ನೂಲಿದ್ದರೆ ಸಾಕು. ಗಣಕಯಂತ್ರದ ಅರ್ಧ ವಿದ್ಯೆ ಇರುವುದು ಹೊರಗಿನ ಸಂಪರ್ಕದಲ್ಲಿ. ಜೈಲು ನಿಷೇಧಿಸುವುದೂ ಅದನ್ನೇ. ಅಮೆರಿಕದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ 2014ರಲ್ಲಿ ಪ್ರೋಗ್ರಾಂ ಬರೆಯುವ ತರಗತಿ ಆರಂಭವಾದಾಗಲೂ ಇಂಟರ್‌ನೆಟ್ ಇಲ್ಲದೆಯೇ ಕಲಿಸಬೇಕಾಯಿತು.

ನಮ್ಮಲ್ಲಿ ಇದಕ್ಕಿಂತ ದೊಡ್ಡ ತೊಡಕು ಕಾಲದ್ದು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಜಾಮೀನು ನಾಳೆಯೇ ಸಿಗಬಹುದು, ವರ್ಷಗಟ್ಟಲೆ ಸಿಗದೆಯೂ ಇರಬಹುದು. ಆರು ತಿಂಗಳ ಪಾಠಕ್ಕೆ ಅಂಥವನು ಯಾವ ಧೈರ್ಯದಿಂದ ಹೆಸರು ಬರೆಸಬೇಕು? ಅರ್ಧಕ್ಕೆ ಬಿಡುಗಡೆಯಾದವನು ಉಳಿದರ್ಧ ಕಲಿಯಲು ಜೈಲಿಗೆ ಮರಳಲಾರ. ಈ ದೃಷ್ಟಿಯಿಂದ ಮುಕ್ತ ವಿಶ್ವವಿದ್ಯಾಲಯಗಳ ದಾರಿ ಉತ್ತಮ. ತಿಹಾರ್ ಜೈಲಿನಲ್ಲಿ 1994ರಲ್ಲೇ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಕೇಂದ್ರ ತೆರೆಯಿತು. ಅಲ್ಲಿ ಹಿಡಿದ ಪಾಠವನ್ನು ಹೊರಗೂ ಮುಂದುವರಿಸಬಹುದು. ಪ್ರಮಾಣಪತ್ರ ಕೊಡುವುದೂ ವಿಶ್ವವಿದ್ಯಾಲಯವೇ ಹೊರತು ಜೈಲಲ್ಲ.

ಆದರೂ ಪೂರ್ವಾಪರ ವಿಚಾರಿಸದೆ ಕೆಲಸ ಕೊಡುವ ದೊಡ್ಡ ಕಂಪನಿಗಳು ಕಡಿಮೆ. ಎಲೆಕ್ಟ್ರಾನಿಕ್ ಸಿಟಿಯ ಕನಸಿಗಿಂತ ಯಶವಂತಪುರದಲ್ಲೋ ಆರ್.ಟಿ. ನಗರದಲ್ಲೋ ಒಂದು ಡಿಟಿಪಿ, ಜೆರಾಕ್ಸ್ ಅಂಗಡಿಯೇ ಹೆಚ್ಚು ನಿಜವಾದ ಗುರಿ. ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಕಲಿಯಲು ಇಂಟರ್‌ನೆಟ್ ಬೇಕಿಲ್ಲ. ಅಂಗಡಿಗೆ ಬಂದ ಗಿರಾಕಿಯೂ ಅರ್ಜಿ ಎಷ್ಟು ಹೊತ್ತಿಗೆ ಸಿದ್ಧವಾಗುತ್ತದೆ ಎಂದಷ್ಟೇ ಕೇಳುತ್ತಾನೆ.