ಜಾಗ ಕೇಳಿದ ಹಾಡು

ಪ್ರೇಮಗೀತೆ ಅಂದರೆ ಹೂವು, ಚಂದ್ರ, ಮುಂಗುರುಳು ಅಂತ ಪಂಡಿತರು ಹೇಳ್ತಾರೆ. ನ್ಯೂಯಾರ್ಕಿನ ರಂಗಭೂಮಿಯಿಂದ ಬಂದ 'ಸಮ್‌ವೇರ್' ಎಂಬ ಹಾಡಿನ ಪ್ರೇಮಿಗಳಿಗೆ ಇದ್ಯಾವುದೂ ಬೇಡ. ಅವರು ಕೇಳೋದು ಇರಲಿಕ್ಕೆ ಜಾಗ. ಅಷ್ಟೆ.

1957ರ ಸೆಪ್ಟೆಂಬರ್ 26ರಂದು ಬ್ರಾಡ್‌ವೇಯಲ್ಲಿ 'ವೆಸ್ಟ್ ಸೈಡ್ ಸ್ಟೋರಿ' ರಂಗವೇರಿತು. ಸಂಗೀತ ಲಿಯೊನಾರ್ಡ್ ಬರ್ನ್‌ಸ್ಟೀನ್‌ನದು, ಸಾಹಿತ್ಯ ಸ್ಟೀಫನ್ ಸಾಂಡ್‌ಹೈಮ್‌ನದು. ರೋಮಿಯೋ ಜೂಲಿಯೆಟ್ ಕಥೆಯನ್ನು ಬಡವರ ಬೀದಿಗೆ ಎಳೆದು ತಂದ ನಾಟಕ. ಹುಡುಗ ಟೋನಿ ಬಿಳಿಯ, ಹುಡುಗಿ ಮರಿಯಾ ಪೋರ್ಟೊ ರಿಕೊದವಳು. ಬೀದಿ ಯಾರದು ಅಂತ ಎರಡೂ ಕಡೆಯ ಪಡ್ಡೆ ಹುಡುಗರ ಹೊಡೆದಾಟ. ಅವಳ ಅಣ್ಣನನ್ನು ಇರಿದು ಕೊಂದವನು ಅವಳ ಕೋಣೆಗೇ ಬಂದು ನಿಂತಾಗ ಈ ಹಾಡು ಹುಟ್ಟುತ್ತದೆ. ಕೈಯಲ್ಲಿ ರಕ್ತ, ಬಾಯಲ್ಲಿ ಭರವಸೆ. ಇದು ಸುಲಭಕ್ಕೆ ಸಿಕ್ಕ ಭರವಸೆ ಅಲ್ಲ ಗೆಳೆಯರೆ.

ಪೋರ್ಟೊ ರಿಕೊ 1898ರಲ್ಲಿ ಅಮೆರಿಕದ ವಶವಾಯಿತು. 1917ರಿಂದ ಅಲ್ಲಿನ ಜನ ಅಮೆರಿಕದ ಪೌರರು, ಕಾಗದದ ಮೇಲೆ. ಎರಡನೆಯ ಮಹಾಯುದ್ಧದ ನಂತರ ಕೂಲಿ ಹುಡುಕಿಕೊಂಡು ನ್ಯೂಯಾರ್ಕಿಗೆ ಬಂದವರು ತಮ್ಮದೇ ದೇಶದಲ್ಲಿ ಪರದೇಶಿಗಳಾದರು. ಊರಾಚೆಯ ಕೇರಿಯಲ್ಲಿ ಹುಟ್ಟಿದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹಾಡಿನ ಹೊರಗೆ ನಡೆದದ್ದನ್ನು ಕೇಳಿ. ನಾಟಕ 1961ರಲ್ಲಿ ಸಿನಿಮಾ ಆಯ್ತು, ಹತ್ತು ಆಸ್ಕರ್ ಗೆದ್ದಿತು. ಅದರ ಆರಂಭದ ಬೀದಿ ಕುಣಿತವನ್ನು ಚಿತ್ರಿಸಿದ ಜಾಗಗಳಲ್ಲಿ ಪಶ್ಚಿಮ 68ನೇ ಬೀದಿಯೂ ಒಂದು. ಕೆಡವಲಿಕ್ಕೆ ಅಂತ ಖಾಲಿ ಮಾಡಿಸಿದ್ದ ಮನೆಗಳವು. ರಾಬರ್ಟ್ ಮೋಸೆಸ್ ಎಂಬ ಬಲಾಢ್ಯ ಅಧಿಕಾರಿ ಕೊಳೆಗೇರಿ ನಿರ್ಮೂಲನೆಯ ಹೆಸರಲ್ಲಿ ನಡೆಸಿದ ಲಿಂಕನ್ ಸ್ಕ್ವೇರ್ ಯೋಜನೆ ಅದು. ಕಪ್ಪು ಜನ ಮತ್ತು ಪೋರ್ಟೊ ರಿಕೊದವರು ಬಾಳಿದ್ದ ಸ್ಯಾನ್ ಹುವಾನ್ ಹಿಲ್ ಕೂಡ ಅದರ ಬಾಯಿಗೇ ಹೋಯಿತು. ಸುಮಾರು 7,000 ಕುಟುಂಬಗಳು ಎತ್ತಂಗಡಿಯಾದವು. ಅಲ್ಲಿ ಎದ್ದದ್ದೇನು? ಸಂಗೀತ, ನೃತ್ಯ, ನಾಟಕಗಳ ಮಹಲು, ಲಿಂಕನ್ ಸೆಂಟರ್! 1959ರ ಮೇ 14ರಂದು ಅಧ್ಯಕ್ಷ ಐಸೆನ್‌ಹೋವರ್ ಅದಕ್ಕೆ ಮೊದಲ ಗುದ್ದಲಿ ಹಾಕಿದಾಗ ವಾದ್ಯಮೇಳ ನಡೆಸಿದವನು ಯಾರು? ಜಾಗ ಕೇಳುವ ಹಾಡಿಗೆ ರಾಗ ಕೊಟ್ಟ ಅದೇ ಬರ್ನ್‌ಸ್ಟೀನ್.

ಆತ ಬಡವರ ವೈರಿಯಲ್ಲ. 1965ರಲ್ಲಿ ಸೆಲ್ಮಾದಿಂದ ಮಾಂಟ್‌ಗೊಮರಿಗೆ ಹಕ್ಕಿಗಾಗಿ ನಡೆದ ಕಪ್ಪು ಜನರ ಜೊತೆ ನಿಂತವನು. ನನ್ನನ್ನು ಕಾಡೋದೇ ಇದು. ಒಳ್ಳೆಯವರು ನೋಡ್ತಾ ಇರುವಾಗಲೇ ಕೇರಿಗಳು ಹೋಗಿಬಿಡುತ್ತವೆ.

ಹಾಡಿದವರು ಯಾರು ಅನ್ನೋದಕ್ಕೂ ಒಂದು ಚರಿತ್ರೆ ಇದೆ. ಮೊದಲ ರಂಗಪ್ರಯೋಗದಲ್ಲಿ ಇದನ್ನು ಹಾಡಿದವಳು ರೇರಿ ಗ್ರಿಸ್ಟ್ ಎಂಬ ಕಪ್ಪು ಹುಡುಗಿ. ದನಿ ಅವಳದು, ಆದರೆ ಕೇಳಿಸಿದ್ದು ತೆರೆಮರೆಯಿಂದ. ಸಿನಿಮಾದಲ್ಲಿ ಮರಿಯಾಳ ಮುಖ ನಟಾಲಿ ವುಡ್‌ಳದು, ಕಂಠ ಮಾರ್ನಿ ನಿಕ್ಸನ್‌ಳದು, ಇಬ್ಬರೂ ಬಿಳಿಯರು. ಪೋರ್ಟೊ ರಿಕೊದಲ್ಲೇ ಹುಟ್ಟಿದ ರೀಟಾ ಮೊರೆನೊ ಅದೇ ಚಿತ್ರದಲ್ಲಿ ಅನೀಟಾ ಆಗಿದ್ದಳು. ಅವಳ ಮುಖಕ್ಕೆ ಇನ್ನಷ್ಟು ಕಂದು ಬಣ್ಣ ಬಳಿದರು! ಹುಟ್ಟಿದ ಬಣ್ಣ ಅವರಿಗೆ ಸಾಲಲಿಲ್ಲ. ಆಸ್ಕರ್ ಪ್ರಶಸ್ತಿ ಕೊಟ್ಟರು, ಈ ಹಾಡು ಮಾತ್ರ ಅವಳ ಪಾಲಿಗೆ ಬರಲಿಲ್ಲ.

ಹಾಡು ಅಷ್ಟಕ್ಕೇ ನಿಲ್ಲಲಿಲ್ಲ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್‌ರನ್ನು ಕೊಂದರು. ಮರುದಿನ ಸುಪ್ರೀಮ್ಸ್ ತಂಡದ ಕಪ್ಪು ಹೆಣ್ಣುಮಕ್ಕಳು ಟೆಲಿವಿಷನ್ನಿನಲ್ಲಿ ಇದನ್ನೇ ಹಾಡಿ ಅವರನ್ನು ನೆನೆದರು. ಇಬ್ಬರು ಪ್ರೇಮಿಗಳ ಹಾಡು ಆವತ್ತು ಒಂದು ಜನಾಂಗದ ಹಾಡಾಯಿತು.

2021ರಲ್ಲಿ ಸ್ಪೀಲ್‌ಬರ್ಗ್ ಈ ಕಥೆಯನ್ನು ಮತ್ತೆ ಸಿನಿಮಾ ಮಾಡಿದ. ಅದು ಶುರುವಾಗೋದೇ ಕೆಡವಿದ ಮನೆಗಳ ಅವಶೇಷಗಳ ಮೇಲೆ. ಅಲ್ಲೇ ಲಿಂಕನ್ ಸೆಂಟರಿನ ಫಲಕವೂ ಕಾಣುತ್ತದೆ. ಅದರಲ್ಲಿ ಈ ಹಾಡು ಪ್ರೇಮಿಗಳದ್ದಲ್ಲ, ವ್ಯಾಲೆಂಟೀನಾ ಎಂಬ ಅಂಗಡಿಯ ಮುದುಕಿಯದು. ಗಂಡನನ್ನು ಕಳಕೊಂಡವಳು, ಒಬ್ಬಳೇ ಕೂತು, ಸವೆದ ದನಿಯಲ್ಲಿ ಹಾಡುತ್ತಾಳೆ. ಆ ಮುದುಕಿ ರೀಟಾ ಮೊರೆನೊ. ಚಿತ್ರ ಬಿಡುಗಡೆಯಾದಾಗ ಅವಳಿಗೆ ತೊಂಬತ್ತು ತುಂಬುತ್ತಿತ್ತು.